ಕ್ವೀನ್ ಎಸ್ತರ್ ಎಳೆದ ಸಾಲು

ಭಾವ ಒಪ್ಪಿಕೊಂಡರು ಎಂದು ಜನೇ ಫೋನಿನಲ್ಲಿ ಹೇಳಿದಾಗ ನಾನು ‘ಯಾವ ಭಾವ?’ ಎಂದು ಕೇಳಿದೆ. ನನಗಿರುವುದು ಒಬ್ಬರೇ ಭಾವ. ತೀರಿಹೋದ ನನ್ನ ಅಕ್ಕನ ಗಂಡ, ಅಲಾಂಜ ಥ್ರೆಟ್, ನೆಬೋ ಬೆಟ್ಟದ ಚರ್ಚಿನ ಹಿರಿಯರು. ಆದರೂ ಕೇಳಿದೆ. ಆ ಮನುಷ್ಯ ವರ್ಷ ವರ್ಷವೂ ಹಬ್ಬಕ್ಕೆ ಕರೆಯಲು ಬಂದ ಜನೇಯನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೆ.

ಜನೇ ನಮ್ಮವಳೇ. ಅವಳ ಅಜ್ಜಿಯೂ ನಾನೂ ಶಾಲೆಯ ಅಡುಗೆಮನೆಯಲ್ಲಿ ಒಟ್ಟಿಗೆ ದುಡಿದವರು. ಈಗ ಅವಳು ಊರಿನ ಸಂಸ್ಕೃತಿ ಕಚೇರಿಯಲ್ಲಿದ್ದಾಳೆ. ಪ್ರತಿ ಜೂನ್‌ನಲ್ಲಿ ಹೊಳೆಯ ಪಕ್ಕದ ಪಾರ್ಕಿನಲ್ಲಿ ನಮ್ಮೂರಿನ ಕಪ್ಪು ಸಂಗೀತಗಾರರಿಗಾಗಿ ಒಂದು ದಿನದ ಹಬ್ಬ ಮಾಡುತ್ತಾಳೆ. ಶಾಲೆಯ ಹುಡುಗರ ಕಹಳೆ ಮೇಳ, ಗಿಟಾರಿನ ಮುದುಕರು, ಡೋಲಿನ ಗುಂಪು, ಮೆಕ್ಸಿಕೋದವರ ಕುಣಿತ, ಹೈಟಿಯ ಹೆಂಗಸರು ಕರಿಯುವ ಬಾಳೆಕಾಯಿ, ಬಿಳಿಯರು ಮಡಚುವ ಕುರ್ಚಿ ಹೊತ್ತು ತಂದು ಕೂತು ತಲೆದೂಗುವುದು, ಎಲ್ಲವೂ ಇರುತ್ತದೆ. ನನಗೆ ಅದರ ಮೇಲೆ ಸಿಟ್ಟೇನಿಲ್ಲ. ಚಳಿಗಾಲವಿಡೀ ಒಬ್ಬರ ಮುಖ ಒಬ್ಬರು ನೋಡದ ಊರು ಅದೊಂದು ದಿನವಾದರೂ ಒಂದೇ ಹುಲ್ಲಿನ ಮೇಲೆ ಕೂರುತ್ತದೆ. ಆದರೆ ಭಾವನನ್ನು ಅಲ್ಲಿ ವೇದಿಕೆಯ ಮೇಲೆ ನಿಲ್ಲಿಸಬೇಕೆಂಬ ಅವಳ ಹಟ ನನಗೆ ಸರಿ ಕಂಡಿರಲಿಲ್ಲ.

ಏಕೆಂದರೆ ಭಾವ ಹಾಡುಗಾರರಲ್ಲ. ಅವರು ಸಾಲು ಎತ್ತುವವರು. ನಮ್ಮ ಹಳೆಯ ಹಾಡುಗಳಿಗೆ ಪುಸ್ತಕವಿಲ್ಲ, ಪಿಯಾನೋ ಇಲ್ಲ, ತಾಳವೂ ಇಲ್ಲ. ನಮ್ಮವರು ಗುಲಾಮರಾಗಿದ್ದು, ಓದು ಕಲಿತರೆ ಬೆನ್ನ ಮೇಲೆ ಚಾಟಿ ಬೀಳುತ್ತಿದ್ದ ಕಾಲದ ರೀತಿ ಅದು. ಒಬ್ಬ ಎದ್ದು ನಿಂತು ಒಂದು ಸಾಲನ್ನು ಬೇಗ ಬೇಗ ಎತ್ತಿಕೊಡುತ್ತಾನೆ. ಕೂತವರು ಅದನ್ನು ತೆಗೆದುಕೊಂಡು ಎಳೆಯುತ್ತಾರೆ. ಒಂದೊಂದು ಅಕ್ಷರವನ್ನೂ ಎಳೆಯುತ್ತಾರೆ, ಒಬ್ಬರು ಎಳೆದ ಹಾಗೆ ಇನ್ನೊಬ್ಬರು ಎಳೆಯುವುದಿಲ್ಲ, ಆದರೂ ಕೊನೆಗೆ ಎಲ್ಲರೂ ಒಟ್ಟಿಗೇ ದಡ ಸೇರುತ್ತಾರೆ. ಆಮೇಲೆ ಅವನು ಮುಂದಿನ ಸಾಲು ಕೊಡಬೇಕು. ಕೊಡುವವರೆಗೆ ಕೂತವರು ಹಿಂದಿನ ಸಾಲನ್ನೇ ಬಾಯಿ ಮುಚ್ಚಿ ಗುನುಗುತ್ತ ಹಿಡಿದುಕೊಂಡಿರಬೇಕು, ಬೀಳಲು ಬಿಡಬಾರದು. ಇನ್ನೊಂದು ನಿಯಮವೂ ಇದೆ. ಎತ್ತಿದ ಸಾಲನ್ನು ಯಾರೂ ಎಳೆಯದಿದ್ದರೆ ಎತ್ತಿದವನು ಕೂತುಬಿಡಬೇಕು. ನಿನ್ನ ಕಾಲ ಮುಗಿಯಿತು ಎಂದು ಸಭೆ ಹೇಳುವ ರೀತಿ ಅದು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನೆಬೋ ಬೆಟ್ಟದಲ್ಲಿ ಆ ಕಾಲ ಹತ್ತಿರ ಬರುತ್ತಿತ್ತು. ಹೊಸ ಪಾಸ್ಟರು ಒಳ್ಳೆಯ ಹುಡುಗ, ಆದರೆ ಗೋಡೆಗೆ ಹಾಡಿನ ಪದ ತೋರಿಸುವ ಪರದೆ ಹಾಕಿಸಿ, ಡ್ರಮ್ಮು ತರಿಸಿ, ಆರಾಧನೆಗೆ ಮುಂಚಿನ ಹಳೆಯ ಹಾಡಿಗೆ ಚೂರು ಸಮಯ ಉಳಿಸಿದ್ದ. ಈಸ್ಟರ್ ದಿನ ಭಾವ ಸಾಲೆತ್ತಿದಾಗ ಎಳೆದವಳು ನಾನೊಬ್ಬಳು, ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ಮುದುಕ. ಆತನಿಗೆ ಕೆಮ್ಮು ಬಂತು. ಡ್ರಮ್ಮಿನವನು ಹಾಡು ಮುಗಿಯಿತೆಂದುಕೊಂಡು ಬಡಿಯಲು ಶುರು ಮಾಡಿದ. ಭಾವ ಅವತ್ತು ಊಟ ಮಾಡಲಿಲ್ಲ.

ಫೋನಿಟ್ಟವಳೇ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಕಾಳು ಬಿಡಿಸುತ್ತಿದ್ದರು.

“ಏನ್ ಭಾವ, ಕೊನೆಗೂ ಸಿನಿಮಾ ಸ್ಟಾರ್ ಆಗ್ತೀರಂತೆ?”

“ಕೂತ್ಕೋ. ಕಾಳು ಬಿಡಿಸು. ಬಾಯಿಗಿಂತ ಕೈ ಆಡಿಸು.”

“ಸ್ಟೇಜ್ ಮೇಲೆ ನಿಂತು ಎತ್ತೋದು ಪಾಪ ಅಂತಿದ್ರಲ್ಲ?”

“ಈಗ್ಲೂ ಅಂತೀನಿ.”

“ಮತ್ತೆ?”

ಅವರು ಒಂದಷ್ಟು ಹೊತ್ತು ಕಾಳೇ ಬಿಡಿಸಿದರು. ಆಮೇಲೆ, “ಬೆಥೆಲ್ ಚರ್ಚು ಮುಚ್ಚಿತು. ಹೊಳೆ ದಂಡೇದು ಕೆಡವಿದ್ರು. ಗಿರಣಿ ಹತ್ರದ್ದು ಸುಟ್ಟೋಯ್ತು. ಚರ್ಚು ಹೋದ್ರೆ ಜನ ಹೋದ್ರಾ? ಎಲ್ಲೋ ಮಕ್ಕಳ ಮನೇಲಿ ಟೀವಿ ಮುಂದೆ ಕೂತವ್ರೆ. ಅವರನ್ನೆಲ್ಲ ಒಂದ್ ಕಡೆ ಸೇರ್ಸೋಕೆ ನನ್ನ ಕೈಲಾಗಲ್ಲ. ಆ ಹುಡುಗಿ ವ್ಯಾನ್ ಕಳಿಸ್ತಾಳಂತೆ, ಮನೆ ಮನೆಗೆ” ಎಂದರು.

“ಅದಕ್ಕೋಸ್ಕರ?”

“ಒಂದ್ಸಲ ಕೇಳ್ಬೇಕು ವರ್ಲೀನ್. ತುಂಬಿದ ಸಭೆ ಎಳೆಯೋದನ್ನ ಸಾಯೋದ್ರೊಳಗೆ ಒಂದೇ ಒಂದ್ಸಲ ಕೇಳ್ಬೇಕು. ಆಮೇಲೆ ಕೂತ್ಕೋ ಅಂದ್ರೆ ಕೂತ್ಕೋತೀನಿ.”

ಅಷ್ಟು ಹೇಳಿದ ಮೇಲೆ ತಮಾಷೆ ಮಾಡುವ ಧೈರ್ಯ ನನಗೂ ಬರಲಿಲ್ಲ. ಮಾರನೆಯ ದಿನದಿಂದ ನನ್ನ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ಮನೆ ಮನೆ ತಿರುಗಿದೆ. ಮದುವೆಗೆ ಕರೆಯುವವರ ಹಾಗೆ ಕರೆದೆವು. ಕೆಲವರು ಅಳುವಷ್ಟು ಖುಷಿಪಟ್ಟರು. ಒಬ್ಬ ನನ್ನನ್ನೇ ನನ್ನ ಅಕ್ಕ ಎಂದುಕೊಂಡು ಕೈ ಹಿಡಿದು ಬಿಡಲೇ ಇಲ್ಲ. ಕೊನೆಗೆ ಕ್ವೀನ್ ಎಸ್ತರ್ ಗೇದರ್ ಮನೆಗೆ ಹೋದೆವು. ಭಾವ ಆ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದು ಬೇಕೆಂದೇ.

ಕ್ವೀನಿ ಅಕ್ಕ ಬೆಥೆಲಿನವಳು. ಭಾವ ಎಲ್ಲೇ ಸಾಲೆತ್ತಲಿ, ಸಾವಿನ ಮನೆಯಾಗಲಿ, ದೀಕ್ಷಾಸ್ನಾನದ ಹೊಳೆಯಾಗಲಿ, ಮೊದಲು ಎಳೆಯುವವಳು ಅವಳೇ. ಅವಳ ದನಿ ಮುಂದೆ ಹೋಗಿ ದಾರಿ ಮಾಡಿದ ಮೇಲೆ ಉಳಿದವರು ಹಿಂದೆ ಹೋಗುವುದು. ಅವರಿಬ್ಬರ ನಡುವೆ ಊರ ಬಾಯಿಗೆ ಬೇಕಾದಂಥದ್ದು ಯಾವತ್ತೂ ಏನೂ ಇರಲಿಲ್ಲ. ಹಾಗಿದ್ದೂ ನನ್ನ ಅಕ್ಕ ಒಮ್ಮೆ ನನ್ನ ಬಳಿ, ‘ಮಾತಾಡೋದು ನನ್ನ ಹತ್ರ, ಕೇಳಿಸ್ಕೊಳ್ಳೋದು ಅವಳನ್ನ’ ಎಂದು ನಕ್ಕಿದ್ದಳು.

ಈಗ ಕ್ವೀನಿ ಅಕ್ಕನ ಮೂಗಿಗೆ ಆಮ್ಲಜನಕದ ಕೊಳವೆ. ಮೊಮ್ಮಗಳು ಟಾಶಾಳ ಮನೆಯ ಮುಂದಿನ ಕೋಣೆಯಲ್ಲಿ ಸೋಫಾದ ಮೇಲೆ ಕೂತಿದ್ದಳು.

“ಯಾರದು, ಅಲಾಂಜನಾ? ಇನ್ನೂ ಬದುಕಿದೀಯಾ?”

“ನಿನ್ನ ಮಣ್ಣು ಮಾಡ್ದೆ ಹೋಗಲ್ಲ ಅಂದಿದ್ನಲ್ಲ.”

“ಮಾಡು, ಮಾಡು. ನನ್ನ ಪೆಟ್ಟಿಗೆ ಎತ್ತುವಾಗ ಸಾಲು ನೀನೇ ಎತ್ಬೇಕು. ಬಾವಿ ಒಳಗಿಂದ ಎತ್ತಿದಂಗೆ ಎತ್ತಿದ್ರೆ ಎದ್ದು ಕೂತ್ಕೋತೀನಿ ನೋಡು. ಇತ್ತೀಚೆಗೆ ನಿನ್ನ ಸ್ವರ ಬಾಳಾ ಕೆಳಗಿಳಿದಿದೆಯಂತೆ.”

“ಯಾರಂದ್ರು?”

“ಊರಂದಿತು. ಈ ಕೊಳವೆ ಮೂಗಿಗೆ ಹಾಕಿರೋದು, ಕಿವಿಗಲ್ಲ.”

ಭಾವ ಕುಲುಕುಲು ನಕ್ಕರು. ನನ್ನ ಅಕ್ಕ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಟಾಶಾ ಅಡುಗೆಮನೆಯಿಂದ ಬಂದು, “ಅಜ್ಜಿ, ಡಾಕ್ಟ್ರು ಹಾಡ್ಬೇಡಿ ಅಂದವ್ರೆ” ಎಂದಳು.

“ಡಾಕ್ಟ್ರಿಗೆ ಹಾಡೋಕೆ ಬರುತ್ತಾ ಕೇಳು. ಬರಲ್ಲ ಅಂದ್ರೆ ಸುಮ್ನಿರೋಕೆ ಹೇಳು.” ಆಮೇಲೆ ಭಾವನ ಕಡೆ ತಿರುಗಿ, ತಮಾಷೆಯನ್ನೆಲ್ಲ ಬಿಟ್ಟು, “ಬರ್ತೀನಿ. ನೀನು ಕೊಡು, ನಾನು ತಗೋತೀನಿ” ಎಂದಳು.

ಹಬ್ಬದ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಜನೇ ಮಾತು ಕೊಟ್ಟಂತೆ ವ್ಯಾನುಗಳನ್ನು ಕಳಿಸಿದ್ದಳು. ಮುದುಕರನ್ನು ಬಿಸಿಲಲ್ಲಿ ಕೂರಿಸಬಾರದೆಂದು ಪಾರ್ಕಿನ ಆ ತುದಿಯಲ್ಲಿ, ಪೀಕನ್ ಮರಗಳ ನೆರಳಲ್ಲಿ, ದೊಡ್ಡ ಶಾಮಿಯಾನ ಹಾಕಿಸಿ ಮೆತ್ತನೆಯ ಕುರ್ಚಿ, ಫ್ಯಾನು, ಐಸ್ ನೀರು ಎಲ್ಲ ಇಡಿಸಿದ್ದಳು. ಎಲ್ಲರೂ ಅವಳನ್ನು ಬಾಯಿ ತುಂಬ ಹೊಗಳಿದರು. ನಾನೂ ಹೊಗಳಿದೆ. ನಮ್ಮಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ ಹಾಗೆಯೇ. ಅವರಿಗೆ ಒಳ್ಳೆಯ ನೆರಳು ಕೊಡಬೇಕು, ಒಳ್ಳೆಯ ಕುರ್ಚಿ ಕೊಡಬೇಕು. ಸಾಲೆತ್ತುವ ಹಿರಿಯನನ್ನು ಎಲ್ಲರಿಗಿಂತ ಎತ್ತರದಲ್ಲಿ ನಿಲ್ಲಿಸಬೇಕು. ಚರ್ಚಿನಲ್ಲಿ ಭಾವ ನಿಲ್ಲುತ್ತಿದ್ದುದು ಮುಂದಿನ ಬೆಂಚಿನ ಪಕ್ಕದಲ್ಲಿ, ಕೈ ಚಾಚಿದರೆ ಜನರ ಹೆಗಲಿಗೆ ತಾಗುವ ಹಾಗೆ ನೆಲದ ಮೇಲೆ ಎಂಬುದು ಅವತ್ತು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ವೇದಿಕೆಗೂ ಶಾಮಿಯಾನಕ್ಕೂ ನಡುವೆ ಇಡೀ ಊರೇ ಇತ್ತು. ಮೀನು ಕರಿಯುವವರು, ಮಕ್ಕಳು, ನಾಯಿಗಳು, ತಮ್ಮ ಸರದಿಗೆ ಕಾಯುತ್ತಿದ್ದ ಕುಣಿತದ ಹುಡುಗಿಯರು. ಭಾವ ಕರಿ ಸೂಟು ತೊಟ್ಟು ಮೆಟ್ಟಿಲು ಹತ್ತಿದ್ದು ಶಾಮಿಯಾನದಲ್ಲಿ ಕೂತಿದ್ದ ನಮಗೆ ಬೆರಳಿನಷ್ಟು ಕಂಡಿತು. ಕಿವಿ ಮಂದವೆಂದು ಅವರು ಹಾಕಿಕೊಳ್ಳುವ ಕಿವಿಯ ಯಂತ್ರ ಮೈಕಿನ ಹತ್ತಿರ ಕುಯ್ ಎನ್ನುತ್ತದೆ ಎಂದು ಮೈಕಿನವನು ಅದನ್ನು ತೆಗೆಸಿದ್ದನಂತೆ. ಅವರು ಜೇಬಿಗೆ ಹಾಕಿಕೊಂಡಿದ್ದರು. ಅದು ನನಗೆ ಗೊತ್ತಾಗಿದ್ದು ಆಮೇಲೆ.

ಭಾವ ಕಣ್ಣು ಮುಚ್ಚಿ ಎತ್ತಿದರು.

“ಹೊಳೆ ಏರಿ ಬಂತು ಕರ್ತನೇ, ದಡ ಕಾಣದು...”

ಶಾಮಿಯಾನದ ಕೆಳಗೆ ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಕ್ವೀನಿ ಅಕ್ಕ ಎಳೆದಳು. ಮೂಗಿನ ಕೊಳವೆಯನ್ನು ಕೈಯಲ್ಲಿ ಹಿಡಿದು, ಕತ್ತು ನೆಟ್ಟಗೆ ಮಾಡಿ, ಎಳೆದಳು. ಅವಳ ಹಿಂದೆ ನಾವು. ಬೆಥೆಲಿನವರು, ಹೊಳೆ ದಂಡೆಯವರು, ಗಿರಣಿಯವರು, ಮಗಳ ಹೆಸರು ಮರೆತವರು, ಊಟ ಮಾಡಿದ್ದು ಮರೆತವರು, ಒಬ್ಬರೂ ಒಂದು ಅಕ್ಷರ ತಪ್ಪಲಿಲ್ಲ. ನಾನು ಚಿಕ್ಕವಳಾಗಿದ್ದಾಗ ನನ್ನ ತಾಯಿಯ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದ ಸದ್ದು ಅದು. ಭಾವನಿಗೆ ಬೇಕಾಗಿದ್ದುದು ಸಿಕ್ಕಿತಲ್ಲ ಎಂದು ಕಣ್ಣು ತುಂಬಿಕೊಂಡಿತು.

ವೇದಿಕೆಯ ಮೇಲೆ ಭಾವ ಕಾಯುತ್ತ ನಿಂತಿದ್ದರು. ಚರ್ಚಿನಲ್ಲಿ ಸಭೆ ಎಳೆದರೆ ಮರದ ನೆಲ ನಡುಗಿ ಅದು ಅವರ ಕಾಲಿಗೇ ಕೇಳಿಸುತ್ತಿತ್ತು. ಇಲ್ಲಿ ಕಾಲ ಕೆಳಗೆ ಕಬ್ಬಿಣದ ಅಟ್ಟ, ಮುಂದೆ ಮಿಸುಕದೆ ನೋಡುತ್ತಿರುವ ನೂರಾರು ಮುಖ, ಒಂದೂ ಬಾಯಿ ತೆರೆದಿಲ್ಲ. ಅವರಿಗೆ ತೆರೆಯಬೇಕೆಂದು ಯಾರೂ ಹೇಳಿರಲಿಲ್ಲ. ಒಬ್ಬ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡು ಭಕ್ತಿಯಿಂದ ಕೇಳುತ್ತಿದ್ದಳು. ಭಾವ ಕಣ್ಣು ತೆರೆದು ಅತ್ತ ಇತ್ತ ನೋಡಿದರು. ಇನ್ನೊಂದು ಅವಕಾಶ ಕೊಡೋಣವೆಂಬಂತೆ ಎರಡನೆಯ ಸಾಲೆತ್ತಿದರು.

“ನನ್ನ ಕೈ ಹಿಡಿಯಲು ನೀನಲ್ಲದೆ ಯಾರು...”

ನಾವು ಮೊದಲಿಗಿಂತ ಜೋರಾಗಿ ಎಳೆದೆವು. ನಾವು ದಡ ಸೇರುವ ಮೊದಲೇ ಭಾವ ಮೈಕಿನಿಂದ ಹಿಂದೆ ಸರಿದರು. ವೇದಿಕೆಯ ಮುಂದೆ ಕೂತಿದ್ದವರು ಚಪ್ಪಾಳೆ ತಟ್ಟಿದರು. ಅದು ಇಡೀ ಪಾರ್ಕಿಗೆ ಹರಡಿತು. ಭಾವ ತಲೆ ತಗ್ಗಿಸಿ ಮೆಟ್ಟಿಲಿಳಿದರು.

ನಾನು ಎದ್ದು ಓಡಿದೆ ಎಂದು ಹೇಳಲಾರೆ, ನನ್ನ ಮಂಡಿಗೆ ಓಟ ಬರುವುದಿಲ್ಲ. ಜನರನ್ನು ತಳ್ಳಿಕೊಂಡು ಹೋಗುವಷ್ಟರಲ್ಲಿ ಡೋಲಿನ ಗುಂಪು ವೇದಿಕೆ ಹತ್ತಿ ಬಡಿಯಲು ಶುರು ಮಾಡಿತ್ತು. ತಿರುಗಿ ನೋಡಿದರೆ ಶಾಮಿಯಾನದಲ್ಲಿ ಮುದುಕರು ಇನ್ನೂ ಆ ಸಾಲನ್ನು ಬಿಟ್ಟಿರಲಿಲ್ಲ. ಗುನುಗುತ್ತ, ತೂಗುತ್ತ, ಮುಂದಿನದಕ್ಕೆ ಕಾಯುತ್ತಿದ್ದರು. ಒಬ್ಬೊಬ್ಬರೇ ಸುಸ್ತಾಗಿ ನಿಲ್ಲಿಸಿದರಂತೆ. ಕೊನೆಗೆ ಉಳಿದವಳು ಕ್ವೀನಿ ಅಕ್ಕ. ವ್ಯಾನು ಹತ್ತಿಸುವಾಗ ಅವಳು ನನ್ನ ತೋಳು ಹಿಡಿದು, “ಎಲ್ಲೇ ಅವನು? ಮುಂದಿನದು ಕೊಡ್ಲೇ ಇಲ್ವಲ್ಲ?” ಎಂದಳು.

“ಮೈ ಸರಿ ಇರ್ಲಿಲ್ಲ ಕಾಣತ್ತೆ ಅಕ್ಕ.”

“ಹಂಗಾರೆ ಸರಿ. ಹೊಳೆ ಮಧ್ಯ ಬಿಟ್ಟು ಹೋಗೋನಲ್ಲ ಅವನು.”

ಕಾರಿನಲ್ಲಿ ನಾನು ಇಂಜಿನ್ ಹಾಕುವ ಮೊದಲೇ ಬೈಯಲು ಶುರು ಮಾಡಿದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದರು.

“ಎಳೆದ್ವಿ ಭಾವ! ಎಲ್ರೂ ಎಳೆದ್ವಿ! ಕ್ವೀನಿ ಅಕ್ಕ ಎಳೆದ್ಲು!”

“ಮನೆಗೆ ಹೋಗೋಣ.”

“ನಿಮ್ಮ ಕಿವಿ ಎಲ್ಲಿತ್ತು? ಜೇಬಲ್ಲಿತ್ತಾ?”

“ನೆಬೋ ಬೆಟ್ಟದ ಸಭೆ ಎಳೆದ್ರೆ ಆಚೆ ಬೀದೀಲಿ ಕೇಳ್ತಿತ್ತು. ಕಿವಿ ಯಂತ್ರ ಬೇಕಾಗಿರ್ಲಿಲ್ಲ. ನಂಗೆ ಸಮಾಧಾನ ಹೇಳ್ಬೇಡ ವರ್ಲೀನ್. ನಾನು ಮಗುವಲ್ಲ.”

ಅಲ್ಲಿಂದ ಮುಂದೆ ನಾನು ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ವಾರ ಕಳೆದ ಮೇಲೆ ಜನೇ ಒಂದು ಪ್ರಶಸ್ತಿಪತ್ರ ಮತ್ತು ಹಾಡಿನ ರೆಕಾರ್ಡು ತಂದಳು. ಊರ ಲೈಬ್ರರಿಯಲ್ಲಿ ಇಡುತ್ತಾರಂತೆ. “ಹಿಂದಿನ ಗದ್ದಲನೆಲ್ಲ ತೆಗೆಸಿ ಚೊಕ್ಕಟ ಮಾಡ್ಸಿದೀನಿ ಅಂಕಲ್, ನಿಮ್ಮ ದನಿ ಒಂದೇ ಕೇಳೋ ಹಂಗೆ” ಎಂದು ಸಂಭ್ರಮದಿಂದ ಹೇಳಿದಳು. ಭಾವ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಒಂದು ಸಾಲು. ಮೌನ. ಇನ್ನೊಂದು ಸಾಲು. ಮೌನ. ಚಪ್ಪಾಳೆ. ಅವರು ಹೆಡ್‌ಫೋನ್ ತೆಗೆದು ನನ್ನ ಕಡೆಗೆ ನೀಟಾಗಿ ಸರಿಸಿದರು.

ಹೊರಗೆ ಬಂದು ಜನೇಗೆ ವಿಷಯ ಹೇಳಿದೆ. “ಆ ಗುನುಗು ನಾವು ಫ್ಯಾನಿನ ಸದ್ದು ಅಂದ್ಕೊಂಡ್ವಿ ಆಂಟಿ” ಎಂದಳು. ಚೊಕ್ಕಟ ಮಾಡಿದವರ ಬಳಿ ಹಳೆಯದು ಇದೆಯೇ ಎಂದು ಕೇಳಿ ನೋಡಿದಳು. ವೇದಿಕೆಯ ಮೈಕು ದೂರದ ನಮ್ಮ ದನಿಯನ್ನು ಹಿಡಿದದ್ದೇ ಅಷ್ಟು, ಅದನ್ನೂ ಅವರು ಆಗಲೇ ಅಳಿಸಿಬಿಟ್ಟಿದ್ದರು.

ಮುಂದಿನ ಭಾನುವಾರ ಭಾವ ಚರ್ಚಿನಲ್ಲಿ ಮುಂದೆ ಹೋಗಲಿಲ್ಲ. ಕೊನೆಯ ಬೆಂಚಿನಲ್ಲಿ, ಕೋಟು ನೇತುಹಾಕುವ ಗೂಟದ ಕೆಳಗೆ ಕೂತರು. ಪಾಸ್ಟರು ಒಂದು ಗಳಿಗೆ ಕಾದು ಡ್ರಮ್ಮಿನವನಿಗೆ ತಲೆಯಾಡಿಸಿದ. ಅವತ್ತಿನಿಂದ ನೆಬೋ ಬೆಟ್ಟದಲ್ಲಿ ಸಾಲು ಎತ್ತುವುದು ನಿಂತಿತು. ನನಗೆ ಎಳೆಯಲು ಬರುತ್ತದೆ, ಎತ್ತಲು ಬರುವುದಿಲ್ಲ. ಎತ್ತುವುದನ್ನು ನಾವ್ಯಾರೂ ಕಲಿಯಲಿಲ್ಲ. ಭಾವ ಇದ್ದರಲ್ಲ.

ಆಗಸ್ಟ್‌ನಲ್ಲಿ ಕ್ವೀನಿ ಅಕ್ಕ ಹೋದಳು. ಟಾಶಾ ಅಜ್ಜಿಯ ಕರಿ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡೇ ಭಾವನ ಮನೆಗೆ ಬಂದಳು. ಟೋಪಿ ಯಾಕೆ ತಂದಳೆಂದು ಅವಳಿಗೇ ಗೊತ್ತಿರಲಿಲ್ಲ. “ಪೆಟ್ಟಿಗೆ ಎತ್ತುವಾಗ ನೀವು ಸಾಲು ಕೊಡ್ಬೇಕಂತೆ ತಾತ. ಅಜ್ಜಿ ಹೇಳಿದ್ಲು” ಎಂದಳು.

“ನನ್ನಿಂದಾಗಲ್ಲ ಮಗಾ.”

“ಒಂದೇ ಒಂದು ಸಾಲು.”

“ಆಗಲ್ಲ.”

ಅವಳು ಹೋದ ಮೇಲೆ ನಾನು ಅವರ ಎದುರಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತೆ. “ಕಲ್ಲಾ ನೀವು? ಸತ್ತವಳ ಮೇಲೂ ಮುನಿಸಾ?”

ಆಗ ಅವರು ನನ್ನ ಮೇಲೆ ಮೊದಲ ಬಾರಿ ಕೂಗಿದರು. “ಉಳಿದೋರು ಎಳೀದೇ ಇದ್ರೆ ಇರ್ಲಿ. ಅವಳು ಕೂತಿದ್ಲು ಅಲ್ಲಿ! ನೀನು ಕೊಡು, ನಾನು ತಗೋತೀನಿ ಅಂದೋಳು ಬಾಯಿ ಮುಚ್ಕೊಂಡು ಕೂತಿದ್ಲು! ಐವತ್ತು ವರ್ಷ ತಗೊಂಡೋಳು ಅವತ್ತು ತಗೊಳ್ಳಲಿಲ್ಲ ಅಂದ್ರೆ ಅದು ತೀರ್ಪು ಕಣೇ. ತೀರ್ಪು ಕೊಟ್ಟೋಳ ಪೆಟ್ಟಿಗೆ ಮುಂದೆ ನಿಂತು ಮತ್ತೆ ಯಾವ ಬಾಯಲ್ಲಿ ಎತ್ತಲಿ?”

“ಅವಳೇ ಮೊದಲು ಎಳೆದಿದ್ದು ಭಾವ! ದೇವರಾಣೆ!”

“ಆಣೆ ಇಡ್ಬೇಡ. ರೆಕಾರ್ಡು ನಾನೇ ಕೇಳಿದೀನಿ. ಯಂತ್ರ ಸುಳ್ಳು ಹೇಳಲ್ಲ.”

ಕ್ವೀನಿ ಅಕ್ಕನ ಮಣ್ಣಿನ ದಿನ ನಮ್ಮ ಚರ್ಚಿಗೆ, ಹಬ್ಬಕ್ಕೆ ಬಂದಿದ್ದ ಮುದುಕರೆಲ್ಲ ಬಂದರು. ವ್ಯಾನಿಲ್ಲದೆ, ಮಕ್ಕಳನ್ನು ಕಾಡಿ ಬೇಡಿ ಬಂದರು. ಭಾವನೂ ಬಂದು ಹಿಂದೆ ಕೂತರು. ಪೆಟ್ಟಿಗೆ ಎತ್ತುವ ಹೊತ್ತು ಬಂತು. ನಮ್ಮಲ್ಲಿ ಆಗ ಯಾರೂ ಮಾತಾಡುವುದಿಲ್ಲ, ಸಾಲಿಗೆ ಕಾಯುತ್ತಾರೆ. ಎಲ್ಲರೂ ಕಾದರು. ಕೆಲವರು ಆಗಲೇ ಉಸಿರು ತುಂಬಿಕೊಂಡಿದ್ದರು, ನನಗೆ ಕಾಣುತ್ತಿತ್ತು. ನಾನು ತಿರುಗಿ ಭಾವನನ್ನು ನೋಡಿದೆ. ಅವರು ಮಂಡಿಯ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದರು. ಕೊನೆಗೆ ಯಾರೋ ಗೋಡೆಯ ಸ್ಪೀಕರಿನಲ್ಲಿ ಒಂದು ಹಾಡು ಹಾಕಿದರು. ಅದರ ಮಧ್ಯದಲ್ಲಿ ಕ್ವೀನ್ ಎಸ್ತರ್ ಗೇದರ್‌ಳನ್ನು ಹೊರಗೆ ಒಯ್ದರು. ನನಗೆ ಅವತ್ತು ಭಾವನ ಮೇಲೆ ಬಂದ ಸಿಟ್ಟು ಯಾವ ವೈರಿಯ ಮೇಲೂ ಬಂದದ್ದಿಲ್ಲ.

ಸಾವಿನ ಮನೆಗೆ ಕೇಕು ಕೊಟ್ಟಿದ್ದ ನನ್ನ ತಟ್ಟೆ ಟಾಶಾಳ ಮನೆಯಲ್ಲೇ ಉಳಿದಿತ್ತು. ಅದನ್ನು ತರಲು ಹೋದಾಗ ಅವಳು ಸುಮ್ಮನೆ ಮಾತಿಗೆ, “ಆ ದಿನ ಪಾರ್ಕಲ್ಲಿ ಅಜ್ಜಿ ವಿಡಿಯೋ ತೆಗ್ದಿದ್ದೆ ಆಂಟಿ. ಹಾಡಿ ಉಸಿರು ಸಿಕ್ಕಿಹಾಕ್ಕೊಂಡ್ರೆ ಡಾಕ್ಟ್ರಿಗೆ ತೋರ್ಸೋಣ ಅಂತ. ಇನ್ನೂ ನೋಡೋಕೆ ಧೈರ್ಯ ಬಂದಿಲ್ಲ” ಎಂದಳು.

ನಾನು ತಟ್ಟೆಯನ್ನು ಅಲ್ಲೇ ಬಿಟ್ಟೆ. ಅವಳ ಕೈಯಿಂದಲೇ ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡು ಭಾವನ ಮನೆಗೆ ಹೋದೆ. ದಾರಿಯಲ್ಲಿ ಒಬ್ಬಳೇ ನಗುತ್ತಿದ್ದೆ. ಈಗ ಏನಂತೀರಿ ಭಾವ, ಯಂತ್ರ ಸುಳ್ಳು ಹೇಳಲ್ಲ ಅಂದ್ರಲ್ಲ, ಕೇಳಿ ಈಗ. ಹೀಗೆಂದು ಬಾಯಿಪಾಠ ಮಾಡಿಕೊಂಡು ಹೋದೆ. ಗೆಲ್ಲುವ ಆತುರದಲ್ಲಿ, ಗೆದ್ದ ಮೇಲೆ ಏನು ಎಂದು ಯೋಚಿಸಲಿಲ್ಲ.

ಅವರು ಅಡುಗೆಮನೆಯಲ್ಲಿ ಮಜ್ಜಿಗೆಗೆ ಮೆಕ್ಕೆಜೋಳದ ಬ್ರೆಡ್ಡು ಮುರಿದು ಹಾಕಿಕೊಂಡು ತಿನ್ನುತ್ತಿದ್ದರು. ಅವರ ಕಿವಿಯ ಯಂತ್ರ ಸರಿಯಾಗಿ ಕೂತಿದೆಯೇ ಎಂದು ನಾನೇ ನೋಡಿದೆ. ಫೋನನ್ನು ಕಿವಿಯ ಪಕ್ಕ ಹಿಡಿದೆ.

ದೂರದಲ್ಲಿ, ಸೊಳ್ಳೆಯಷ್ಟು ಸಣ್ಣಗೆ, ಅವರದೇ ದನಿ. ಆಮೇಲೆ ಕ್ವೀನಿ ಅಕ್ಕ ಎಳೆದಳು. ಇಡೀ ಅಡುಗೆಮನೆ ತುಂಬಿತು. ಅವಳ ಹಿಂದೆ ಎಲ್ಲರೂ.

ಭಾವನ ಕೈಯಲ್ಲಿದ್ದ ಚಮಚ ಹಾಗೆಯೇ ನಿಂತಿತು. “ಕ್ವೀನಿ” ಎಂದರು.

“ಹೂಂ! ನಾನು ಹೇಳ್ಲಿಲ್ವಾ?”

ಎರಡನೆಯ ಸಾಲು ಬಂತು. ಅವಳು ಅದನ್ನೂ ತೆಗೆದುಕೊಂಡಳು. ಚಪ್ಪಾಳೆ, ಡೋಲು. ಡೋಲಿನ ಕೆಳಗೆ ಗುನುಗು. ಒಬ್ಬೊಬ್ಬರದೇ ದನಿ ಕಳಚಿಕೊಳ್ಳುತ್ತ ಹೋಗಿ, ಕೊನೆಗೆ ಅವಳೊಬ್ಬಳದೇ ಉಳಿಯಿತು. ಉಸಿರು ಸಿಕ್ಕಿಹಾಕಿಕೊಂಡು, ಬಿಟ್ಟು, ಮತ್ತೆ ಹಿಡಿದು.

“ಯಾಕೆ ಬಿಡ್ತಿಲ್ಲ ಅವಳು?” ಎಂದರು ಭಾವ.

ನನಗೆ ಆಗ ಅರ್ಥವಾಯಿತು ನಾನೇನು ತಂದಿದ್ದೇನೆಂದು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಸುಳ್ಳು ಹೇಳಲು ಆಗಲಿಲ್ಲ.

“ನೀವು ಮುಂದಿನದು ಕೊಡ್ಲಿಲ್ವಲ್ಲ ಭಾವ.”

“ಕಾಯ್ತಿದ್ಲಾ?”

“ವ್ಯಾನ್ ಹತ್ತೋವರೆಗೂ.”

ಅವರು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ಮಣ್ಣಿನ ದಿನಾನೂ ಕೊಡ್ಲಿಲ್ಲ” ಎಂದರು. ನಾನು ಅವರ ಭುಜ ಮುಟ್ಟಲು ಹೋದೆ. ಅವರು ನನ್ನ ಕೈ ಕೊಡವಿ, ಮೇಜು ಹಿಡಿದು ಎದ್ದು ನಿಂತರು. ಚರ್ಚಿನಲ್ಲಿ ನಿಲ್ಲುವಂತೆ, ಒಂದು ಕೈ ಕುರ್ಚಿಯ ಬೆನ್ನ ಮೇಲೆ. “ಅದನ್ನ ಇನ್ನೊಂದ್ಸಲ ಹಾಕು.”

ಹಾಕಿದೆ. ಕ್ವೀನಿ ಅಕ್ಕನ ಗುನುಗು ಒಂಟಿಯಾಗಿ ಉಳಿಯುವವರೆಗೆ ಅವರು ಕಣ್ಣು ಮುಚ್ಚಿ ಕಾದರು. ಆಮೇಲೆ ಎತ್ತಿದರು. ಬಾವಿಯೊಳಗಿಂದಲ್ಲ, ನನ್ನ ಅಕ್ಕನ ಮದುವೆಯ ಕಾಲದ ದನಿಯಲ್ಲಿ, ಕಿಟಕಿಯ ಗಾಜು ಅದುರುವಂತೆ ಎತ್ತಿದರು.

“ಹೆಸರು ಹಿಡಿದು ಕರೆದರೆ ಸಾಕು, ನಾನು ಬರುವೆನು...”

ಫೋನಿನಲ್ಲಿ ವಿಡಿಯೋ ಮುಗಿದಿತ್ತು.

ಭಾವ ಯಂತ್ರವಿದ್ದ ಕಿವಿಯನ್ನು ಮುಂದೆ ಮಾಡಿ ನಿಂತರು. ಆ ಸಾಲು ನನಗೆ ಗೊತ್ತು. ಹುಟ್ಟಿದಾಗಿನಿಂದ ಎಳೆದವಳು ನಾನು. ಬಾಯಿ ತೆರೆದೆ, ದನಿ ಬರಲಿಲ್ಲ. ಅದನ್ನು ಅವರು ಕೊಟ್ಟಿದ್ದು ಕ್ವೀನಿ ಅಕ್ಕನಿಗೆ, ನನಗಲ್ಲ.

ಅವರು ಬಹಳ ಹೊತ್ತು ಕಾದರು. ಆಮೇಲೆ ಕೂತರು.